ಗಡಿ ದಾಟಿದರೆ ದರ ಬೇರೆ, ಪೆಟ್ರೋಲಿನ ಕಾನೂನು ಒಂದೇ
*ಕೇಳುವವರಿದ್ದರೆ ಮಾತ್ರ ಬಂಕಿನಲ್ಲಿ ಅಳತೆ, ಸಾಂದ್ರತೆಯ ಪರೀಕ್ಷೆ*

ಮಂಜೇಶ್ವರ: ಬೈಕಿನ ಟ್ಯಾಂಕ್ ಖಾಲಿಯಾದರೆ ಹೊಸಂಗಡಿ, ಕುಂಜತ್ತೂರಿನವರ ಮನಸ್ಸು ಓಡುವುದು ತಲಪಾಡಿಯ ಆಚೆಗೆ. ಪೆರ್ಲದವರು ವಿಟ್ಲ, ಪುತ್ತೂರಿಗೆ ಹೋದಾಗ, ಮುಳ್ಳೇರಿಯ, ಅಡೂರಿನವರು ಸುಳ್ಯಕ್ಕೆ ಹೋದಾಗ ‘ಹೇಗೂ ಬಂದಾಯ್ತಲ್ಲ, ಫುಲ್ ಮಾಡಿಸಿಕೊಳ್ಳುವಾ’ ಅಂತ ಬಂಕಿಗೆ ತಿರುಗುವುದೂ ಹೊಸತಲ್ಲ.

ಕಾರಣ ತೆರಿಗೆ. 2021ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ ಅಬಕಾರಿ ಸುಂಕ ಇಳಿಸಿದ ಬೆನ್ನಿಗೆ ಕರ್ನಾಟಕ ಲೀಟರಿಗೆ 7 ರೂ. ಇಳಿಸಿತು, ಕೇರಳ ಆಗ ಇಳಿಸಲಿಲ್ಲ. 2023ರ ಏಪ್ರಿಲ್ 1ರಿಂದ ಕೇರಳ ಲೀಟರಿಗೆ 2 ರೂ. ಸಾಮಾಜಿಕ ಭದ್ರತಾ ಸೆಸ್ ಹಾಕಿತು. 2024ರ ಜೂನ್‌ನಲ್ಲಿ ಕರ್ನಾಟಕವೂ ಪೆಟ್ರೋಲಿಗೆ 3 ರೂ. ಏರಿಸಿತು.

ಈ ಲೆಕ್ಕ ಗಡಿನಾಡಿನ ಮನೆಮನೆಗೂ ಬಾಯಿಪಾಠ. ಆದರೆ ಹಾಕಿಸಿಕೊಂಡ ಪೆಟ್ರೋಲ್ ಸರಿಯಿದೆಯೇ ಅಂತ ಕೇಳುವ ಹಕ್ಕು ಎಷ್ಟು ಮಂದಿಗೆ ಗೊತ್ತು? ದರ ರಾಜ್ಯಕ್ಕೊಂದಿರಬಹುದು, ಗುಣಮಟ್ಟದ ನಿಯಮ ಮಾತ್ರ ಇಡೀ ದೇಶಕ್ಕೆ ಒಂದೇ.

ಆದೇಶದ ಹಿಂದೆ ಒಂದು ಜೀವ

ಈಗಿನ ನಿಯಂತ್ರಣ ಆದೇಶ ಹೊರಬಂದದ್ದು 2005ರ ಡಿಸೆಂಬರ್‌ನಲ್ಲಿ, ಅಗತ್ಯ ವಸ್ತುಗಳ ಕಾಯ್ದೆಯಡಿ. ಅದಕ್ಕೆ ಒಂದು ತಿಂಗಳ ಹಿಂದೆ, ನವೆಂಬರ್ 19ರಂದು, ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಇಂಡಿಯನ್ ಆಯಿಲ್‌ನ ಯುವ ಅಧಿಕಾರಿ ಶಣ್ಮುಗಂ ಮಂಜುನಾಥ್ ಅವರನ್ನು ಗುಂಡಿಕ್ಕಿ ಕೊಂದಿದ್ದರು. ಕೆಜಿಎಫ್‌ನಲ್ಲಿ ಬೆಳೆದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಹುಡುಗ. ಕಲಬೆರಕೆ ಬಂಕಿನ ವಿರುದ್ಧ ಕ್ರಮ ಕೈಗೊಂಡದ್ದೇ ಅವರು ಮಾಡಿದ ‘ತಪ್ಪು’. ಕೊಲೆಗಾರರಿಗೆ ಶಿಕ್ಷೆಯಾಯಿತು. ಕಲಬೆರಕೆಯಲ್ಲಿ ಎಷ್ಟು ದುಡ್ಡು ಓಡಾಡುತ್ತದೆ ಎಂಬುದು ಆಗ ದೇಶಕ್ಕೆಲ್ಲ ತಿಳಿಯಿತು. ಈ ಕಾಯ್ದೆಯಡಿ ತಪ್ಪಿತಸ್ಥರಿಗೆ 7 ವರ್ಷದವರೆಗೆ ಜೈಲು ಇದೆ.

ಗ್ರಾಹಕ ಏನು ಕೇಳಬಹುದು?

ಮೊದಲನೆಯದು ಫಿಲ್ಟರ್ ಪೇಪರ್. ನಾಝಲ್‌ನ ತುದಿ ಒರೆಸಿ ಒಂದು ಹನಿ ಪೆಟ್ರೋಲ್ ಕಾಗದದ ಮೇಲೆ ಬಿಟ್ಟರೆ ಎರಡು ನಿಮಿಷದೊಳಗೆ ಕಲೆ ಉಳಿಯದೆ ಆರಬೇಕು. ಡೀಸೆಲ್‌ಗೆ ಈ ಪರೀಕ್ಷೆ ನಡೆಯದು.

ಎರಡನೆಯದು ಸಾಂದ್ರತೆ. ಸೀಮೆಎಣ್ಣೆ ಪೆಟ್ರೋಲಿಗಿಂತ ಭಾರ, ಬೆರೆಸಿದರೆ ಅಂಕಿ ಮೇಲೇರುತ್ತದೆ. ಟ್ಯಾಂಕರಿನ ಜೊತೆ ಬಂದ ಇನ್‌ವಾಯ್ಸ್‌ನಲ್ಲಿ ದಾಖಲಾದ ಸಾಂದ್ರತೆಗೂ ಬಂಕಿನಲ್ಲಿ ಅಳೆದದ್ದಕ್ಕೂ 3ಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು. ನಮ್ಮ ಕರಾವಳಿಯ ಸೆಕೆಯಲ್ಲಿ ಓದಿದ ಅಂಕಿಯನ್ನು ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಪಟ್ಟಿ ನೋಡಿ 15 ಡಿಗ್ರಿ ಸೆಲ್ಸಿಯಸ್‌ಗೆ ಪರಿವರ್ತಿಸಿದ ಮೇಲೆಯೇ ಹೋಲಿಸಬೇಕು.

ಮೂರನೆಯದು ಅಳತೆ. ಸೀಲ್ ಹಾಕಿದ 5 ಲೀಟರಿನ ಪಾತ್ರೆಯಲ್ಲಿ ಹಾಕಿ ತೋರಿಸಿ ಅಂದರೆ ತೋರಿಸಬೇಕು. 25 ಮಿ.ಲೀ.ಗಿಂತ ಹೆಚ್ಚು ಕಡಿಮೆಯಾಗಬಾರದು.

ಮಳೆಗಾಲದ ತಲೆನೋವು

2020ರ ಏಪ್ರಿಲ್ 1ರಿಂದ ದೇಶವಿಡೀ ಬಿಎಸ್-6 ಇಂಧನ ಬಂತು. ಗಂಧಕದ ಪ್ರಮಾಣ ಹತ್ತು ಲಕ್ಷದಲ್ಲಿ 50 ಭಾಗದಿಂದ 10ಕ್ಕೆ ಇಳಿಯಿತು. ಹೊಗೆಯ ಮಟ್ಟಿಗೆ ಇದು ದೊಡ್ಡ ಲಾಭ. ಅದರ ಹಿಂದೆಯೇ ಬಂದದ್ದು ಎಥನಾಲ್. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. 2025ರಲ್ಲಿ ದೇಶ ಶೇ. 20ರ ಗುರಿ ಮುಟ್ಟಿತು. ಎಥನಾಲ್ ಬೆರೆಸದ ಪೆಟ್ರೋಲೂ ಬೇಕೆಂದು ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಹಳೆ ಬೈಕಿನವರ ‘ಮೈಲೇಜು ಸಿಗ್ತಾ ಇಲ್ಲ’ ಎಂಬ ದೂರು ಸುಮ್ಮನೆ ಅಲ್ಲ. ಎಥನಾಲ್ ಇಲ್ಲದ ಪೆಟ್ರೋಲಿಗೆಂದು ತಯಾರಾದ ದ್ವಿಚಕ್ರ ವಾಹನಗಳಲ್ಲಿ ಇ20 ಹಾಕಿದರೆ ಶೇ. 3ರಿಂದ 4ರಷ್ಟು ಇಳಿಕೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಅದಕ್ಕಿಂತ ದೊಡ್ಡ ಚಿಂತೆ ನಮ್ಮ ಆಟಿ ತಿಂಗಳ ಮಳೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೆಲದಡಿಯ ಟ್ಯಾಂಕಿಗೆ ನೀರು ಇಳಿದರೆ ನೀರೂ ಎಥನಾಲೂ ಸೇರಿ ತಳಕ್ಕೆ ಕೂರುತ್ತವೆ. ಅದು ಗಾಡಿಗೆ ಬಂದರೆ ಇಂಜಿನ್ ಸ್ಟಾರ್ಟೇ ಆಗದು. ಬಂಕಿನವರು ಟ್ಯಾಂಕಿನಲ್ಲಿ ನೀರಿದೆಯೇ ಎಂದು ದಿನವೂ ನೋಡುವುದು ಹಾಗಾಗಿ ಮಳೆಗಾಲದಲ್ಲಿ ತೀರಾ ಮುಖ್ಯ.

ಆದರೆ ಫಿಲ್ಟರ್ ಪೇಪರ್ ಆಗಲಿ ಸಾಂದ್ರತೆಯಾಗಲಿ ಎಥನಾಲ್ ಎಷ್ಟಿದೆ ಎಂದು ಗ್ರಾಹಕನಿಗೆ ಹೇಳುವುದಿಲ್ಲ. ಹಳೆಯ ಆದೇಶ ಕಲಬೆರಕೆ ಹಿಡಿಯಲು ಮಾಡಿದ್ದು. ಸರಕಾರವೇ ಬೆರೆಸುವ ಕಾಲಕ್ಕೆ, ಬೆರೆಸಿದ್ದು ಎಷ್ಟು ಎಂಬುದನ್ನು ಬಂಕಿನಲ್ಲೇ ತೋರಿಸುವ ಸುಲಭ ಪರೀಕ್ಷೆಯೂ ಬೇಕಲ್ಲವೇ?

ದೂರು ಎಲ್ಲಿಗೆ? ಯಾವ ಭಾಷೆಯಲ್ಲಿ?

ಗಡಿಯವರು ಎಡವುವುದು ಇಲ್ಲೇ. ಮನೆ ಕೇರಳದಲ್ಲಿದ್ದರೂ ಪೆಟ್ರೋಲ್ ಹಾಕಿಸಿದ್ದು ಕರ್ನಾಟಕದಲ್ಲಾದರೆ ದೂರು ಹೋಗಬೇಕಾದ್ದು ಅಲ್ಲಿಯ ಆಹಾರ ಇಲಾಖೆಗೆ, ಅಳತೆಯ ವಿಷಯವಾದರೆ ಅಲ್ಲಿಯ ಕಾನೂನು ಮಾಪನ ಇಲಾಖೆಗೆ. ಈಚೆ ಹಾಕಿಸಿದರೆ ತಾಲೂಕು ಸಪ್ಲೈ ಆಫೀಸು, ಲೀಗಲ್ ಮೆಟ್ರಾಲಜಿ ಆಫೀಸು. ಯಾವ ಬಂಕು, ಯಾವ ಹೊತ್ತು ಎನ್ನುವುದಕ್ಕೆ ಸಾಕ್ಷಿ ಬಿಲ್ಲು. ಅದನ್ನು ಬಿಸಾಡಿದರೆ ಕೇಸೇ ಇಲ್ಲ! ಬಂಕಿನ ದೂರು ಪುಸ್ತಕದಲ್ಲಿ ಬರೆದು ಬರುವುದನ್ನೂ ಮರೆಯಬಾರದು.

ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಆಫೀಸಿಗೆ ಹೋದರೆ ಸಾಲದು. ಅಧಿಕಾರ ಪಡೆದ ಗೆಜೆಟೆಡ್ ಅಧಿಕಾರಿ, ಡಿವೈಎಸ್ಪಿ ದರ್ಜೆಗಿಂತ ಕೆಳಗಲ್ಲದ ಪೊಲೀಸ್ ಅಧಿಕಾರಿ ಅಥವಾ ತೈಲ ಕಂಪನಿಯ ಸೇಲ್ಸ್ ಆಫೀಸರ್ ಬಂದು ಕ್ರಮಪ್ರಕಾರ ಸೀಲ್ ಮಾಡಿ ತೆಗೆದ ಸ್ಯಾಂಪಲ್ ಮಾತ್ರ ಲ್ಯಾಬಿಗೆ ಹೋಗುತ್ತದೆ. ಹಾಗಾಗಿ ದೂರು ಅದೇ ದಿನ ಮುಟ್ಟಬೇಕು. ಹೊಸ ಲೋಡ್ ಇಳಿದ ಮೇಲೆ ಹಳೆಯದನ್ನು ಹುಡುಕುವುದು ಎಲ್ಲಿ?

ಇನ್ನು ಭಾಷೆ. ಅಹವಾಲನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು ಎನ್ನುತ್ತದೆ ಸಂವಿಧಾನದ 350ನೇ ವಿಧಿ. ಕಾಸರಗೋಡಿನ ಕನ್ನಡಿಗ ತನ್ನ ದೂರನ್ನು ಕನ್ನಡದಲ್ಲೇ ಬರೆದು ಕೊಡಬಹುದು. ಎರಡು ರೂಪಾಯಿ ಉಳಿಸಲು ಗಡಿ ದಾಟುವವರು ಎರಡು ನಿಮಿಷ ನಿಂತು ಫಿಲ್ಟರ್ ಪೇಪರ್ ಕೇಳಿದರೆ ನಷ್ಟವೇನೂ ಇಲ್ಲ.