ಉಗುರಿನ ಬಿಳಿ ಚುಕ್ಕೆಗೆ ಕ್ಯಾಲ್ಸಿಯಂ ಮಾತ್ರೆ ಬೇಕೇ?

ಬೆಳ್ಳಕ್ಕಿಗಳ ಸಾಲು ಹಾರಿಹೋಗುವಾಗ ಕೈಚಾಚಿ ಉಗುರಿಗೆ ಬಿಳಿ ಚುಕ್ಕೆ ಬೇಡುತ್ತಿದ್ದ ಆಟ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಈಗ ಅದೇ ಚುಕ್ಕೆ ಮಗುವಿನ ಬೆರಳಲ್ಲಿ ಕಂಡರೆ ‘ಕ್ಯಾಲ್ಸಿಯಂ ಕಡಿಮೆ’ ಎಂದು ಔಷಧಿ ಅಂಗಡಿಗೆ ಓಡುತ್ತೇವೆ. ಹೆಚ್ಚಿನ ಸಂದರ್ಭಗಳಲ್ಲಿ ಇದು ದಂಡದ ಖರ್ಚು.

ಉಗುರು ತಯಾರಾಗುವುದು ಬುಡದ ಚರ್ಮದ ಅಡಿಯಲ್ಲಿ. ಬೆರಳು ಬಾಗಿಲಿಗೆ ತಗುಲಿದಾಗ, ಉಗುರು ಕಚ್ಚಿದಾಗ, ಬುಡದ ಚರ್ಮ ಕೆದಕಿದಾಗ ಅಲ್ಲಿಗೆ ಪೆಟ್ಟಾಗಿ, ಆಗ ಹುಟ್ಟುವ ಭಾಗ ಬಿಳಿಯಾಗುತ್ತದೆ. ಕೈಯುಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿ.ಮೀ. ಮಾತ್ರ. ಹಾಗಾಗಿ ಚುಕ್ಕೆ ಕಣ್ಣಿಗೆ ಬೀಳುವಷ್ಟರಲ್ಲಿ ಪೆಟ್ಟು ಮರೆತೇ ಹೋಗಿರುತ್ತದೆ. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ವ್ಯವಹಾರ ಎಂದೋ ನಡೆದಿದೆ, ಪಾಸ್‌ಬುಕ್ಕಿನಲ್ಲಿ ಎಂಟ್ರಿ ಈಗ ಬಿದ್ದಿದೆ. ಚುಕ್ಕೆ ಉಗುರಿನ ಜೊತೆಗೇ ಮುಂದೆ ಸರಿದು, ಸುಮಾರು 6 ತಿಂಗಳಲ್ಲಿ ನೇಲ್ ಕಟ್ಟರ್‌ಗೆ ಸಿಕ್ಕಿ ಹೋಗುತ್ತದೆ. ಮಾತ್ರೆ ನುಂಗಿದವರು ಮಾತ್ರೆಯಿಂದಲೇ ಹೋಯಿತು ಎನ್ನುತ್ತಾರೆ! ಮಕ್ಕಳಿಗೆ ಉಗುರು ಕಚ್ಚುವ ಚಾಳಿ ಬಿಡಿಸಿದರೆ ಅರ್ಧ ಚುಕ್ಕೆಗಳು ಬರುವುದೇ ಇಲ್ಲ.

ಆದರೆ ತುದಿಯ ಸಣ್ಣ ಪಟ್ಟಿ ಬಿಟ್ಟು ಎಲ್ಲ ಉಗುರುಗಳೂ ಬೆಳ್ಳಗಾದರೆ, ಅಥವಾ ಜೋಡಿ ಅಡ್ಡಗೆರೆಗಳು ಮೂಡಿ ಉಗುರು ಬೆಳೆದರೂ ಜಾಗ ಬಿಟ್ಟು ಕದಲದಿದ್ದರೆ ಉದಾಸೀನ ಬೇಡ. ಲಿವರ್ ಅಥವಾ ಕಿಡ್ನಿ ಕಾಯಿಲೆಯಲ್ಲಿ, ರಕ್ತದ ಆಲ್ಬುಮಿನ್ ಇಳಿದಾಗ ಹೀಗಾಗುವುದುಂಟು. ಜೊತೆಗೆ ಕಾಲು ಊದಿಕೊಂಡಿದ್ದರೆ ಆ ವಾರವೇ ವೈದ್ಯರಿಗೆ ತೋರಿಸಿ. ಕಾಲುಗುರಿನ ಮೇಲ್ಮೈ ಪುಡಿಪುಡಿಯಾಗಿ ಬಿಳುಪಾಗಿದ್ದರೆ ಅದು ಫಂಗಸ್ ಇರಬಹುದು. ಅದಕ್ಕೆ ಔಷಧಿ ಇದೆ.

ವೈದ್ಯರು ಬರೆದುಕೊಟ್ಟ ರಕ್ತ ಪರೀಕ್ಷೆಗೆ ಹಣದ ಅಡಚಣೆಯಿದ್ದರೆ, ಆ ಚೀಟಿಯೊಂದಿಗೆ ಸಂಘದ ವೈದ್ಯಕೀಯ ನೆರವಿಗೆ ಅರ್ಜಿ ಕೊಡಲು ಸಂಕೋಚ ಬೇಡ.