ನೆಲದಡಿಯ ನೀರಿಗೆ ಪಹಣಿ ಇಲ್ಲ

ಅರಸೀಕೆರೆ ತಾಲ್ಲೂಕಿನ ಗಂಡಸಿ ಹೋಬಳಿಯಲ್ಲಿ ಪ್ರಕೃತಿಯನ್ನು ಕಾಯುವ ಹೊಣೆ ಮೊದಲಿಗೆ ನೀರಿನ ಹೊಣೆ. ಹಾಸನ ಜಿಲ್ಲೆಯ ಪಶ್ಚಿಮಕ್ಕಿರುವ ಸಕಲೇಶಪುರದಲ್ಲಿ ಧಾರಾಕಾರವಾಗಿ ಸುರಿಯುವ ಮಳೆ, ಬೇಲೂರು ದಾಟಿ ಪೂರ್ವಕ್ಕೆ ಬರುತ್ತಾ ಕ್ಷೀಣಿಸುತ್ತದೆ. ಅರಸೀಕೆರೆ ಬಯಲುಸೀಮೆ. ಇಲ್ಲಿನ ರಾಗಿ ಮಳೆಯನ್ನೇ ನಂಬಿ ಬೆಳೆಯುತ್ತದೆ. ತೆಂಗು ಮಾತ್ರ ಬೇಸಿಗೆಯಲ್ಲೂ ನೀರು ಕೇಳುತ್ತದೆ.

ಈ ಕೊರತೆಗೆ ಹಿಂದಿನವರು ಕಂಡುಕೊಂಡ ಉತ್ತರ ಕೆರೆ. ಹಳೇಬೀಡಿನಲ್ಲಿ ಹೊಯ್ಸಳರ ರಾಜಧಾನಿಯೇ ದೋರಸಮುದ್ರದ ಕೆರೆಯ ಆಸರೆಯಲ್ಲಿ ಬೆಳೆಯಿತು. ಅರಸೀಕೆರೆಯ ಕೆರೆಯನ್ನು ಆ ವಂಶದ ಅರಸಿಯೊಬ್ಬಳು ಕಟ್ಟಿಸಿದಳೆಂಬ ಪ್ರತೀತಿಯಿದೆ. ಕಟ್ಟಿಸಿದರಷ್ಟೇ ಸಾಲದು, ಉಳಿಸಿಕೊಳ್ಳಬೇಕು ಎಂಬುದು ಅಂದಿನವರಿಗೆ ಗೊತ್ತಿತ್ತು. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಭೂಮಿಯನ್ನು ಕಟ್ಟುಕೊಡಗೆಯಾಗಿ ಬಿಟ್ಟದ್ದನ್ನು ಶಾಸನಗಳು ಹೇಳುತ್ತವೆ. ತೂಬಿನ ನೀರನ್ನು ಗದ್ದೆಗಳಿಗೆ ಹಂಚಲು ನೀರಗಂಟಿ ಇದ್ದ. ಊರವರು ಬೇಸಿಗೆಯಲ್ಲಿ ಹೂಳೆತ್ತಿ ಆ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೆ ಜಾಗ, ಹೊಲಕ್ಕೆ ಗೊಬ್ಬರ.

ಕೊಳವೆಬಾವಿ ಬಂದ ಮೇಲೆ ಈ ನಂಟು ಸಡಿಲವಾಯಿತು. ನೀರು ಸ್ವಿಚ್ಚಿನಲ್ಲಿ ಸಿಗತೊಡಗಿದಾಗ ಏರಿ, ತೂಬು, ಕೋಡಿಗಳ ಚಿಂತೆ ಯಾರಿಗೂ ಉಳಿಯಲಿಲ್ಲ. ಆದರೆ ಈ ಸೀಮೆಯ ನೆಲದಡಿ ಇರುವುದು ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಷ್ಟೇ ನೀರು ನಿಲ್ಲುತ್ತದೆ, ಮಳೆಯ ಸಣ್ಣ ಪಾಲಷ್ಟೇ ಅಲ್ಲಿಗೆ ಇಳಿಯುತ್ತದೆ. ಬಿರುಕುಗಳು ಜಮೀನಿನ ಗಡಿ ನೋಡಿ ಹರಡಿಕೊಂಡಿಲ್ಲ. ಒಬ್ಬರ ಪಂಪು ನೆರೆಯವರ ಬಾವಿಯನ್ನೂ ಬತ್ತಿಸಬಲ್ಲದು. ಕೆರೆ ತುಂಬಿದ ವರ್ಷ ಸುತ್ತಲಿನ ಬಾವಿಗಳಲ್ಲಿ ನೀರೇರುವುದಕ್ಕೂ ಈ ಒಳದಾರಿಗಳೇ ಕಾರಣ.

ರೈತರೊಬ್ಬರ ಕೈಯಲ್ಲಿ ಆಗುವ ಕೆಲಸ ಕಡಿಮೆಯೇನಲ್ಲ. ಇಳಿಜಾರಿಗೆ ಅಡ್ಡವಾಗಿ ಬದು ಹಾಕಿದರೆ ಹೊಲದ ಮಳೆ ಹೊಲದಲ್ಲೇ ಇಂಗುತ್ತದೆ. ಹನಿ ನೀರಾವರಿಯಿಂದ ಪಂಪು ಓಡುವ ಹೊತ್ತು ತಗ್ಗುತ್ತದೆ. ಕೊಳವೆಬಾವಿಯ ಸುತ್ತ ಇಂಗುಗುಂಡಿ ತೆಗೆದು ಕಲ್ಲು, ಜಲ್ಲಿ, ಮರಳು ತುಂಬಬಹುದು. ಕೆಸರುನೀರನ್ನು ಸೋಸದೆ ಬಿಟ್ಟರೆ ಮಾತ್ರ ಬಾವಿಯೇ ಕಟ್ಟಿಕೊಳ್ಳುತ್ತದೆ. ತೆಂಗಿನ ಗರಿ, ಮಟ್ಟೆಯನ್ನು ಸುಡುವುದು ದೊಡ್ಡ ನಷ್ಟ. ಬುಡದ ಸುತ್ತ ಕಾಲುವೆ ತೆಗೆದು ಮಟ್ಟೆಯನ್ನು ಬೋಗುಣಿಯಂತೆ ಮೇಲ್ಮುಖವಾಗಿ ಹೂಳಿದರೆ ಅದು ವರ್ಷಗಟ್ಟಲೆ ತೇವ ಹಿಡಿದಿಡುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸೂ ಇದೇ.

ಪರಿಸರ ರಕ್ಷಣೆ ಪ್ರತಿ ನಾಗರಿಕನ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ ಮಾತಿದು. ಕರ್ನಾಟಕದಲ್ಲಿ ಅಂತರ್ಜಲಕ್ಕೆ 2011ರ, ಕೆರೆಗಳಿಗೆ 2014ರ ಕಾಯ್ದೆಗಳಿವೆ. ಕಾಯ್ದೆ ಒತ್ತುವರಿಯನ್ನು ತಡೆದೀತು, ಬದು ಹಾಕಿಕೊಡಲಾರದು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಯಾವ ಕಾಯ್ದೆಗೂ ಕಾಯಲಿಲ್ಲ. ಊರ ಬಳಿಯ ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆಂದು ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿದರು.

2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಚಾಲನೆ ದೊರೆತ, ಪಶ್ಚಿಮಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಫಲಾನುಭವಿ ತಾಲ್ಲೂಕುಗಳಲ್ಲಿ ಅರಸೀಕೆರೆಯೂ ಇದೆ. ಘಟ್ಟದ ಕಾಡು ತೆತ್ತ ಬೆಲೆಗೆ ಸಿಗುವ ಆ ನೀರು ಬಂದರೂ ನಿಲ್ಲಬೇಕಾದದ್ದು ಊರ ಕೆರೆಗಳಲ್ಲೇ. ಆದ್ದರಿಂದ ಕೆರೆಗೆ ಹೋಗುವ ಹಳ್ಳವೋ ಕಾಲುವೆಯೋ ತಮ್ಮ ಜಮೀನಿನಲ್ಲಿ ಹಾದಿದ್ದರೆ, ಈ ಮುಂಗಾರಿಗೆ ಮುಂಚೆಯೇ ರೈತರು ಅದನ್ನು ತೆರವು ಮಾಡಿಕೊಡಲಿ.