ಹಿತ್ತಲಿನ ಮೊಲದ ಗೂಡಿಗೆ ಎಂಥ ಮರ?

ಅಮೆರಿಕದ ಹಿತ್ತಲುಗಳಲ್ಲಿ ಮೊಲಕ್ಕಾಗಿ ಗೂಡು ಕಟ್ಟಲು ಹೊರಟವರು ಮರದ ಅಂಗಡಿಯಲ್ಲಿ ಮೊದಲು ಕೇಳುವುದು, ಈ ಹಲಗೆ ಮಳೆ ಹಿಮಗಳಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಇದನ್ನು ಕಡಿದು ನುಂಗಿದರೆ ಏನಾಗುತ್ತದೆ? ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಆದುದರಿಂದ ಎದುರಿಗಿರುವ ಮರವನ್ನು ಕೊರೆಯುವುದು ಅದರ ಸ್ವಭಾವ. ನುಂಗಿದ್ದನ್ನು ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ.

ಗೆದ್ದಲನ್ನೂ ಶಿಲೀಂಧ್ರವನ್ನೂ ದೂರವಿಡುವ ರಾಸಾಯನಿಕವು ಮರವನ್ನು ಕಡಿಯುವ ಪ್ರಾಣಿಗೂ ಒಳ್ಳೆಯದಲ್ಲ. ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್‌ಗಳ ಮಿಶ್ರಣವಾದ ಸಿಸಿಎ ಇದಕ್ಕೆ ನಿದರ್ಶನ. ಭಾರತೀಯ ವಿಜ್ಞಾನಿ ಸೊಂಟಿ ಕಾಮೇಶನ್ 1930ರ ದಶಕದಲ್ಲಿ ರೂಪಿಸಿದ ಈ ಸಂರಕ್ಷಕವನ್ನು ದಶಕಗಳ ಕಾಲ ಮನೆಯ ಜಗಲಿ, ಬೇಲಿ, ಮಕ್ಕಳ ಆಟದ ಸಾಧನಗಳ ಮರಕ್ಕೂ ಒತ್ತಡದಿಂದ ಊಡಿಸಲಾಗುತ್ತಿತ್ತು. ಅಮೆರಿಕದಲ್ಲಿ ಗೃಹಬಳಕೆಯ ಬಹುತೇಕ ಮರಕ್ಕೆ ಇದನ್ನು ಊಡಿಸುವುದು 2003ರ ಕೊನೆಗೆ ನಿಂತಿತು. ಆದರೆ ಅದಕ್ಕೂ ಹಿಂದಿನ ಹಲಗೆಗಳು ಇಂದಿಗೂ ಹಳೆಯ ಬೇಲಿಗಳಲ್ಲಿವೆ. ಕಾಲ ಕಳೆದಂತೆ ಅವುಗಳ ಹಸಿರು ಛಾಯೆ ಮಾಸಿ ಸಾಮಾನ್ಯ ಮರದಂತೆಯೇ ಕಾಣುತ್ತವೆ. ಆದುದರಿಂದ ಮೂಲ ತಿಳಿಯದ ಹಳೆಯ ಮರವನ್ನು ಗೂಡಿಗೆ ಬಳಸಬಾರದು. ಅದನ್ನು ಸುಡಲೂ ಬಾರದು, ಏಕೆಂದರೆ ಆರ್ಸೆನಿಕ್ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. 1978ಕ್ಕಿಂತ ಹಿಂದೆ ಬಣ್ಣ ಬಳಿದ ಮರದಲ್ಲಿ ಸೀಸವಿರಬಹುದು. ಹಳೆಯ ರೈಲುಹಳಿಯ ಮರದ ದಿಮ್ಮಿಗಳಲ್ಲಿ ಕ್ರಿಯೋಸೋಟ್ ಇರುತ್ತದೆ. ಇವೆರಡೂ ವರ್ಜ್ಯ.

ಈಗ ದೊರೆಯುವ ಸಂರಕ್ಷಿತ ಮರದಲ್ಲಿ ಆರ್ಸೆನಿಕ್‌ಗೆ ಬದಲಾಗಿ ಹೆಚ್ಚಾಗಿ ತಾಮ್ರದ ಸಂಯುಕ್ತಗಳಿರುತ್ತವೆ. ಹಲಗೆಯ ತುದಿಗೆ ಹೊಡೆದ ಚೀಟಿಯನ್ನು ಓದಿದರೆ ಅದು ತಿಳಿಯುತ್ತದೆ. ನೆಲಕ್ಕೆ ತಾಗುವ ಕಾಲುಗಳಿಗೆ ಇದನ್ನು ಬಳಸಬಹುದು, ಆದರೆ ಪ್ರಾಣಿಯ ಹಲ್ಲಿಗೆ ಎಟುಕುವಲ್ಲಿ ಅಲ್ಲ.

ಗೂಡಿನ ಚೌಕಟ್ಟಿಗೆ ಯೋಗ್ಯವಾದುದು ಬಿಸಿಗಾಳಿಯಲ್ಲಿ ಚೆನ್ನಾಗಿ ಒಣಗಿಸಿದ, ಯಾವ ರಾಸಾಯನಿಕವನ್ನೂ ಊಡಿಸದ ಪೈನ್, ಸ್ಪ್ರೂಸ್ ಅಥವಾ ಫರ್. ಸೀಡರ್ ಮರ ತಾನಾಗಿಯೇ ಬಾಳಿಕೆ ಬರುವಂಥದು. ಆದರೆ ಆ ಬಾಳಿಕೆಗೂ ಕಾರಣ ಅದರೊಳಗಿನ ರಾಸಾಯನಿಕಗಳೇ. ಸೀಡರ್ ಹೊಟ್ಟಿನ ಮೇಲೆ ಸಾಕಿದ ಪ್ರಯೋಗಾಲಯದ ಇಲಿಗಳಲ್ಲಿ ಯಕೃತ್ತಿನ ಕಿಣ್ವಗಳು ಬದಲಾಗುವುದು ಕಂಡುಬಂದಿದೆ. ಗಾಳಿಯಾಡುವ ಹೊರಚೌಕಟ್ಟಿಗೆ ಅದು ಸಲ್ಲಬಹುದಾದರೂ, ಮುಚ್ಚಿದ ಮಲಗುವ ಪೆಟ್ಟಿಗೆಗಾಗಲಿ ಹಾಸಿಗೆಗಾಗಲಿ ಸಲ್ಲದು. ಯೂ ಮರವೂ ನಮ್ಮ ಊರುಗಳಲ್ಲಿ ಚಿರಪರಿಚಿತವಾದ ಕಣಗಿಲೆಯೂ ನೇರವಾಗಿ ವಿಷಕಾರಿ. ಅವುಗಳ ಕೊಂಬೆಯನ್ನು ಕಡಿಯಲೂ ಕೊಡಬಾರದು.

ಸಾಮಾನು ಸಾಗಿಸುವ ಪ್ಯಾಲೆಟ್‌ಗಳನ್ನು ಬಿಚ್ಚಿ ಬಳಸುವವರು ಅವುಗಳ ಮೇಲಿನ ಮುದ್ರೆಯನ್ನು ನೋಡಬೇಕು. ‘ಎಚ್‌ಟಿ’ ಎಂದಿದ್ದರೆ ಮರದ ತಿರುಳು ಕನಿಷ್ಠ 30 ನಿಮಿಷ 56 ಡಿಗ್ರಿ ಸೆಲ್ಸಿಯಸ್‌ ತಲುಪುವಂತೆ ಕಾಯಿಸಲಾಗಿದೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲದ ಧೂಪನವಾಗಿದೆ, ಅದನ್ನು ಬಿಡಬೇಕು. ಕಲೆಯೋ ವಾಸನೆಯೋ ಇದ್ದರೆ ಯಾವ ಮುದ್ರೆಯನ್ನೂ ನಂಬಬಾರದು. ಅದರ ಮೇಲೆ ಏನು ಚೆಲ್ಲಿದೆಯೆಂದು ಮುದ್ರೆ ಹೇಳುವುದಿಲ್ಲ.

ರಾಸಾಯನಿಕವಿಲ್ಲದ ಮರ ಬೇಗ ಕೊಳೆಯುವುದಿಲ್ಲವೇ ಎಂಬ ಸಂದೇಹ ಸಹಜ. ಉತ್ತರ ಕಟ್ಟುವ ಕ್ರಮದಲ್ಲಿದೆ. ಗೂಡನ್ನು ಇಟ್ಟಿಗೆ ಅಥವಾ ಕಲ್ಲಿನ ಮೇಲೆ ನೆಲದಿಂದ ಎತ್ತರಿಸಬೇಕು. ಮಾಡನ್ನು ಗೋಡೆಗಿಂತ ಮುಂದಕ್ಕೆ ಚಾಚಬೇಕು. ನೀರು ನಿಲ್ಲದಂತೆ ಇಳಿಜಾರು ಕೊಡಬೇಕು. ಹಲ್ಲಿಗೆ ಸಿಗುವ ಅಂಚುಗಳನ್ನು ಅರ್ಧ ಅಂಗುಲದ ಕಣ್ಣಿನ ಗಟ್ಟಿ ತಂತಿಬಲೆಯಿಂದ ಮುಚ್ಚಿದರೆ ಮರವೂ ಉಳಿಯುತ್ತದೆ, ರಕೂನ್‌ಗಳಿಂದ ರಕ್ಷಣೆಯೂ ದೊರೆಯುತ್ತದೆ. ಕೋಳಿಬಲೆಯನ್ನು ಅವು ಹರಿಯಬಲ್ಲವು. ಬಣ್ಣ ಬೇಕಾದಲ್ಲಿ ಹೊರಮೈಗೆ ಮಾತ್ರ ಬಳಿದು, ಪೂರ್ತಿ ಒಣಗಿ ವಾಸನೆ ಹೋದ ಮೇಲೆ ಪ್ರಾಣಿಯನ್ನು ಒಳಗೆ ಬಿಡಬೇಕು.

ಹೀಗೆ ಕಟ್ಟಿದ ಗೂಡಿನ ಒಂದೆರಡು ಹಲಗೆಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾದೀತು. ಮಾತಿಲ್ಲದ ಜೀವಿಯೊಂದರ ಕ್ಷೇಮಕ್ಕೆ ಅದು ದೊಡ್ಡ ಬೆಲೆಯಲ್ಲ.